ತಪ್ಪುವುದು ಕಂಪ್ಯೂಟರ್ ಅಲ್ಲ, ಕಣ್ಣು

ಮನೆಯ ಹಿರಿಯರ ರಕ್ತದೊತ್ತಡ, ಸಕ್ಕರೆ ಅಂಶಗಳನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಬರೆದಿಡುವ ರೂಢಿ ಈಗ ಹಲವು ಕುಟುಂಬಗಳಲ್ಲಿದೆ. ಒಳ್ಳೆಯ ರೂಢಿಯೇ. ಆದರೆ ಈ ಉದಾಹರಣೆ ನೋಡಿ. ತಂದೆಯವರ ಸಕ್ಕರೆ ಅಂಶ ಎರಡು ದಿನ 180 ಇತ್ತು. ಮೂರನೆಯ ದಿನ ಪರೀಕ್ಷೆ ಮಾಡಲಿಲ್ಲ. ಆ ಚೌಕವನ್ನು ಖಾಲಿ ಬಿಡುವ ಬದಲು ಮಗ ಸೊನ್ನೆ ಬರೆದ. ಸರಾಸರಿ 120 ಎಂದು ಬಂತು! ಕಂಪ್ಯೂಟರಿನ ಲೆಕ್ಕ ಸರಿಯೇ. ಮನೆಯವರಿಗೆ ಸಿಕ್ಕಿದ್ದು ಮಾತ್ರ ಸುಳ್ಳು ಸಮಾಧಾನ.

ಇದನ್ನು ಬರೀ ಅಜಾಗರೂಕತೆ ಎಂದು ಗದರಿಸಿ ಫಲವಿಲ್ಲ. ಮನಸ್ಸು ಒಟ್ಟು ಲೆಕ್ಕದ ಕಡೆಗಿದ್ದಾಗ ಕೈ ಅಭ್ಯಾಸಬಲದಿಂದ ಕೆಲಸ ಮಾಡುತ್ತದೆ. ತಾನೇ ಬರೆದುದನ್ನು ಮತ್ತೆ ಓದುವಾಗ ಕಣ್ಣು ಅಲ್ಲಿರುವುದನ್ನಲ್ಲ, ತಾನು ಬರೆಯಬೇಕೆಂದಿದ್ದುದನ್ನೇ ಕಾಣುತ್ತದೆ. ಇದರ ಮೇಲೆ ಸ್ಪ್ರೆಡ್‌ಶೀಟ್ ಉತ್ತರವನ್ನು ತೋರಿಸಿ ಸೂತ್ರವನ್ನು ಮರೆಯಲ್ಲಿಡುತ್ತದೆ. ಅಚ್ಚುಕಟ್ಟಾದ ಅಂಕಣಗಳನ್ನು ಕಂಡರೆ ಸಂಶಯಪಡಲು ಯಾರಿಗೆ ಮನಸ್ಸಾದೀತು?

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. 2020ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ದಿನಗಳಲ್ಲಿ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಹಳೆಯ ಬಗೆಯ ಎಕ್ಸೆಲ್ ಕಡತ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಹೆಚ್ಚಾದ ಸಾಲುಗಳು ಸದ್ದಿಲ್ಲದೆ ಹೊರಗುಳಿದವು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ಅಷ್ಟು ದಿನ ತಡವಾಯಿತು.

ಹಾಗಾದರೆ ಉಪಾಯವೇನು? ಹವಾಯಿ ವಿಶ್ವವಿದ್ಯಾಲಯದ ರೇ ಪ್ಯಾಂಕೊ ಈ ತಪ್ಪುಗಳನ್ನೇ ಬಹುಕಾಲ ಅಭ್ಯಸಿಸಿದವರು. ಅವರು 1999ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಒಬ್ಬೊಬ್ಬರೇ ಪರಿಶೀಲಿಸಿದಾಗ ಶೇಕಡಾ 63ರಷ್ಟು ತಪ್ಪುಗಳು ಸಿಕ್ಕವು. ಮೂವರು ಕೂಡಿ ನೋಡಿದಾಗ ಶೇಕಡಾ 83. ಎರಡನೆಯ ಕಣ್ಣಿಗೆ ಇರುವ ಬೆಲೆ ಇದು. ಮೂವರು ನೋಡಿದರೂ ಕೆಲವು ತಪ್ಪು ಉಳಿದವೆಂಬುದನ್ನೂ ಗಮನಿಸಿ.

ಆದ್ದರಿಂದ ಪಟ್ಟಿ ಬರೆದವರೇ ಅದನ್ನು ತಿದ್ದುವುದು ಬೇಡ. ಒಬ್ಬರು ಮೀಟರಿನ ಅಂಕಿಗಳನ್ನು ಓದಲಿ, ಇನ್ನೊಬ್ಬರು ಪಟ್ಟಿಯನ್ನು ನೋಡಲಿ. ಪರೀಕ್ಷೆ ತಪ್ಪಿದ ದಿನದ ಚೌಕ ಖಾಲಿಯೇ ಇರಲಿ. ಹೊಸ ಸಾಲು ಸೇರಿಸಿದಾಗ ಸರಾಸರಿಯ ಸೂತ್ರ ಅದನ್ನೂ ಒಳಗೊಂಡಿದೆಯೇ ನೋಡಿ. ತಿಂಗಳಿಗೊಮ್ಮೆ ಕಾಗದದ ಮೇಲೆ ಕೂಡಿ ಭಾಗಿಸಿ ನೋಡಿ. ವೈದ್ಯರ ಬಳಿಗೆ ಹೋಗುವಾಗ ಸರಾಸರಿಯನ್ನಷ್ಟೇ ಅಲ್ಲ, ದಿನದಿನದ ಅಂಕಿಗಳನ್ನೂ ಒಯ್ಯಿರಿ. ಔಷಧದ ಪ್ರಮಾಣವನ್ನು ಮಾತ್ರ ನಿಮ್ಮ ಪಟ್ಟಿ ನೋಡಿ ನೀವೇ ಎಂದೂ ಬದಲಿಸಬೇಡಿ.

ತಪ್ಪು ಮಾಡುವುದು ಮನುಷ್ಯ ಸಹಜ. ಅದನ್ನು ಒಪ್ಪಿಕೊಂಡು ಪಕ್ಕದವರಿಗೆ ತೋರಿಸುವುದರಲ್ಲಿ ನಾಚಿಕೆಯೇನಿಲ್ಲ.