ನಾಲ್ಕು ದಿನದ ಆತುರ, ಐದು ವರ್ಷದ ಬಡ್ಡಿ

2023ರ ಸೆಪ್ಟೆಂಬರ್. ಗ್ರೇಟರ್ ನೋಯ್ಡಾದ ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ನಾನು, ಕಾಲೇಜಿನ ಇಬ್ಬರು ಗೆಳೆಯರು ತಲೆ ಮೇಲೆ ಟವೆಲ್ ಹಾಕ್ಕೊಂಡು ಕೂತಿದ್ವಿ. ಭಾರತದಲ್ಲಿ ಮೊದಲ ಸಲ ಮೋಟೋಜಿಪಿ. ಸೆಕೆ ಎಷ್ಟಿತ್ತು ಅಂದ್ರೆ ರೇಸಿನ ಲ್ಯಾಪ್‌ಗಳನ್ನೇ ಕಡಿಮೆ ಮಾಡಿದ್ರು. ನಮ್ಮಲ್ಲೊಬ್ಬ ಹಳದಿ ಟಿ-ಶರ್ಟಿನ ಕಟ್ಟಾ ರೋಸ್ಸಿ ಭಕ್ತ. ರೋಸ್ಸಿ ರಿಟೈರ್ ಆಗಿ ಎರಡು ವರ್ಷ ಆಗ್ತಾ ಬಂದಿತ್ತು, ಆದ್ರೂ ಅವನ ಭಕ್ತಿಗೆ ರಿಟೈರ್‌ಮೆಂಟ್ ಇಲ್ಲ.

ನಾನು ನೋಡೋಕೆ ಹೋಗಿದ್ದು 93ನೇ ನಂಬರಿನ ಮಾರ್ಕ್ ಮಾರ್ಕೆಸ್‌ನನ್ನ. ಹಿಂದಿನ ದಿನ ಸಣ್ಣ ರೇಸಿನಲ್ಲಿ, ಅಂದ್ರೆ ಸ್ಪ್ರಿಂಟ್‌ನಲ್ಲಿ, ಮೂರನೆಯವನಾಗಿ ಬಂದಿದ್ದ. ಭಾನುವಾರದ ಮುಖ್ಯ ರೇಸಿನಲ್ಲಿ ಮುಂದಿನವರ ಜೊತೆ ಓಡ್ತಾ ಇದ್ದವನು ಬಿದ್ದ. ಬೈಕ್ ಎತ್ತಿ ಮತ್ತೆ ಹತ್ತಿ, ಒಂಬತ್ತನೆಯವನಾಗಿ ಮುಗಿಸಿದ. "ಮುಗೀತು ಕಣೋ ಇವನ ಕಥೆ" ಅಂದ ಹಳದಿ ಟಿ-ಶರ್ಟ್. ನಾನು ಏನೂ ಹೇಳಲಿಲ್ಲ. ನಿಜ ಹೇಳ್ಬೇಕಂದ್ರೆ ನನಗೂ ಹಾಗೇ ಅನ್ಸಿತ್ತು.

ಕಥೆ ಮುಗಿಯೋಕೆ ಮುಂಚೆ ಅದು ಶುರುವಾದದ್ದು ಹೇಗೆ ಅಂತ ಹೇಳ್ತೀನಿ. ಸ್ಪೇನ್‌ನ ಕೆಟಲೋನಿಯಾದಲ್ಲಿ ಸೆರ್ವೆರಾ ಅಂತ ಒಂದು ಸಣ್ಣ ಊರು. ಅಪ್ಪ ಮಣ್ಣು ಅಗೆಯೋ ಯಂತ್ರ ಓಡಿಸ್ತಿದ್ದವರು, ನಮ್ಮಲ್ಲಿ ಜೆಸಿಬಿ ಡ್ರೈವರ್ ಅಂತೀವಲ್ಲ ಹಾಗೆ. ಮಾರ್ಕ್ ಹುಟ್ಟಿದ್ದು 1993ರ ಫೆಬ್ರವರಿಯಲ್ಲಿ, ಬೈಕಿನ ನಂಬರ್ ಬಂದದ್ದು ಅಲ್ಲಿಂದಲೇ. ಮೂರು ವರ್ಷ ಚಿಕ್ಕವನಾದ ತಮ್ಮ ಅಲೆಕ್ಸ್ ಕೂಡ ರೇಸರ್. 2010ರಲ್ಲಿ ಮಾರ್ಕ್ 125 ಸಿಸಿ ವಿಶ್ವ ಚಾಂಪಿಯನ್, 2012ರಲ್ಲಿ ಮೋಟೋ2 ಚಾಂಪಿಯನ್. ಆ ವರ್ಷದ ಕೊನೆಯ ರೇಸಿನಲ್ಲಿ, ವೆಲೆನ್ಸಿಯಾದಲ್ಲಿ, ಪೆನಾಲ್ಟಿಯಿಂದಾಗಿ ಎಲ್ಲರಿಗಿಂತ ಹಿಂದೆ ನಿಂತು ಹೊರಟು ಗೆದ್ದ. ನೋಡಿಲ್ಲದಿದ್ರೆ ಹುಡುಕಿ ನೋಡಿ. ಮೊದಲ ಲ್ಯಾಪಿನಲ್ಲೇ ಇಪ್ಪತ್ತಕ್ಕಿಂತ ಹೆಚ್ಚು ಜನರನ್ನ ದಾಟ್ತಾನೆ.

2013ರಲ್ಲಿ ಹೋಂಡಾ ಟೀಮಿನಲ್ಲಿ ಮೋಟೋಜಿಪಿಗೆ ಬಂದ. ಮೊದಲ ವರ್ಷವೇ ಚಾಂಪಿಯನ್, ವಯಸ್ಸು 20. ನಾವೆಲ್ಲ ಆ ವಯಸ್ಸಲ್ಲಿ ಇಂಟರ್ನಲ್ಸ್ ಮಾರ್ಕ್ಸ್‌ಗೆ ಲೆಕ್ಚರರ್ ಹಿಂದೆ ಓಡ್ತಿದ್ವಿ. 2014ರಲ್ಲಿ ಮೊದಲ ಹತ್ತು ರೇಸನ್ನ ಸಾಲಾಗಿ ಗೆದ್ದ. 2019ರ ಹೊತ್ತಿಗೆ ಏಳು ವರ್ಷದಲ್ಲಿ ಆರು ಟೈಟಲ್. ಆ 2019 ಇದೆಯಲ್ಲ, 19 ರೇಸಿನಲ್ಲಿ 12 ಗೆಲುವು, ಆರು ಸಲ ಎರಡನೇ ಸ್ಥಾನ, ಉಳಿದ ಒಂದರಲ್ಲಿ ಬಿದ್ದದ್ದು. ಮೂರನೇ ಸ್ಥಾನ ಅನ್ನೋದೇ ಇಲ್ಲ.

ಅವನು ಓಡಿಸೋ ರೀತಿಯೇ ಬೇರೆ. ಬೇರೆಯವರಿಗೆ ಮುಂದಿನ ಟೈರ್ ಜಾರಿದ್ರೆ ಮುಗೀತು, ಬೈಕ್ ಒಂದು ಕಡೆ, ಮನುಷ್ಯ ಒಂದು ಕಡೆ. ಇವನಿಗೆ ಟೈರ್ ಜಾರೋದು ಒಂದು ಮಾಹಿತಿ ಅಷ್ಟೇ. ಅರವತ್ತು ಡಿಗ್ರಿಗಿಂತ ಹೆಚ್ಚು ವಾಲಿರೋ ಬೈಕನ್ನ ಮೊಣಕೈ, ಮಂಡಿ ನೆಲಕ್ಕೆ ಒತ್ತಿ ವಾಪಸ್ ಎತ್ತಿಬಿಡ್ತಿದ್ದ. ಶುಕ್ರವಾರ, ಶನಿವಾರದ ಪ್ರಾಕ್ಟೀಸ್‌ನಲ್ಲಿ ಬೇಕಂತಲೇ ಅನ್ನೋ ಹಾಗೆ ಬೀಳ್ತಿದ್ದ. ಲಿಮಿಟ್ ಎಲ್ಲಿದೆ ಅಂತ ದಾಟಿಯೇ ನೋಡೋದು. ಪ್ರೊಡಕ್ಷನ್‌ಗೆ ಹೋಗೋ ಮುಂಚೆ ಸಿಸ್ಟಮ್ ಬೀಳಿಸಿ ನೋಡ್ತೀವಲ್ಲ, ಹಾಗೆ. ವ್ಯತ್ಯಾಸ ಏನಂದ್ರೆ ನಮ್ಮ ಸರ್ವರ್‌ಗೆ ಮೂಳೆ ಇಲ್ಲ.

ಅವನು ಸಾಧು ಅಂತ ನಾನು ಹೇಳ್ತಿಲ್ಲ. 2018ರಲ್ಲಿ ಅರ್ಜೆಂಟೀನಾದಲ್ಲಿ ಒಂದೇ ರೇಸಿನಲ್ಲಿ ಎದುರಿಗೆ ಸಿಕ್ಕವರಿಗೆಲ್ಲ ಗುದ್ದಿಕೊಂಡು ಹೋಗಿ, ರೋಸ್ಸಿಯನ್ನ ಟ್ರ್ಯಾಕಿನಿಂದ ಆಚೆ ತಳ್ಳಿ ಬೀಳಿಸಿ, ಪೆನಾಲ್ಟಿ ತಿಂದ. ಹಳದಿ ಟಿ-ಶರ್ಟಿಗೆ ಕೋಪ ಇದ್ರೆ ಅದಕ್ಕೆ ಕಾರಣ ಇದೆ.

ಈಗ 2020ರ ಜುಲೈಗೆ ಬರೋಣ. ಕೋವಿಡ್‌ನಿಂದ ತಡವಾದ ಸೀಸನ್, ಸ್ಪೇನ್‌ನ ಹೆರೆಸ್‌ನಲ್ಲಿ ಮೊದಲ ರೇಸ್. ಶುರುವಲ್ಲಿ ಟ್ರ್ಯಾಕ್ ಬಿಟ್ಟು ಮಣ್ಣಿಗೆ ಹೋಗಿ, ಹದಿನಾರನೇ ಸ್ಥಾನಕ್ಕೆ ಇಳಿದು, ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ ಮೂರನೇ ಸ್ಥಾನಕ್ಕೆ ಬಂದಿದ್ದ. ಅಲ್ಲಿಗೆ ಸುಮ್ಮನಿದ್ದಿದ್ರೆ ಸಾಕಿತ್ತು. ಎರಡನೆಯವನನ್ನೂ ಹಿಡೀಬೇಕು ಅಂತ ಹೊರಟ. ಇನ್ನು ಕೆಲವೇ ಲ್ಯಾಪ್ ಇರೋವಾಗ ಮೂರನೇ ತಿರುವಿನಲ್ಲಿ ಬೈಕ್ ಅವನನ್ನ ಗಾಳಿಗೆ ಎಸೀತು. ಬಿದ್ದ ಮೇಲೆ ಉರುಳಿಬಂದ ಬೈಕಿನ ಚಕ್ರ ಬಲಗೈಗೆ ಬಡೀತು. ಮೇಲ್ತೋಳಿನ ಮೂಳೆ ಎರಡಾಯ್ತು.

ಭಾನುವಾರ ಬಿದ್ದ. ಮಂಗಳವಾರ ಬಾರ್ಸಿಲೋನಾದಲ್ಲಿ ಆಪರೇಷನ್, ಮೂಳೆಗೆ ಟೈಟೇನಿಯಂ ಪ್ಲೇಟ್, ಸ್ಕ್ರೂಗಳು. ಶನಿವಾರ, ಅಂದ್ರೆ ಆಪರೇಷನ್ ಆಗಿ ನಾಲ್ಕೇ ದಿನಕ್ಕೆ, ಅದೇ ಹೆರೆಸ್‌ನಲ್ಲಿ ಮತ್ತೆ ಬೈಕ್ ಮೇಲೆ. ಪುಶ್-ಅಪ್ ಮಾಡಿ ತೋರಿಸಿದ್ನಂತೆ, ವೈದ್ಯರೂ ಹೂಂ ಅಂದ್ರಂತೆ. ಅವತ್ತು ನಾನೂ ವಾಟ್ಸಾಪ್ ಸ್ಟೇಟಸ್ ಹಾಕಿದ್ದೆ, "ಇದಪ್ಪಾ ಗುಂಡಿಗೆ!" ಅಂತ. ನೋವು ತಡೀಲಾರದೆ ಕ್ವಾಲಿಫೈಯಿಂಗ್ ಅರ್ಧಕ್ಕೇ ಬಿಟ್ಟು ಮನೆಗೆ ಹೋದ. ಮುಂದಿನ ವಾರ ಮನೆಯಲ್ಲಿ ಕಿಟಕಿ ಸರಿಸೋಕೆ ಹೋದಾಗ ಒಳಗಿದ್ದ ಪ್ಲೇಟೇ ಮುರೀತು ಅಂತ ಸುದ್ದಿ ಬಂತು. ಎರಡನೇ ಆಪರೇಷನ್. ಮೂಳೆ ಕೂಡ್ಕೊಳ್ಳಲಿಲ್ಲ. ಡಿಸೆಂಬರ್‌ನಲ್ಲಿ ಸೊಂಟದಿಂದ ಮೂಳೆ ತೆಗೆದು ಕಸಿ ಮಾಡೋ ಮೂರನೇ ಆಪರೇಷನ್, ಎಂಟು ಗಂಟೆ. ಒಳಗೆ ಸೋಂಕು ಬೇರೆ ಆಗಿತ್ತು. ಆ ವರ್ಷ ಪೂರ್ತಿ ಹೋಯ್ತು.

ಇಲ್ಲಿ ನನ್ನದೊಂದು ಸಣ್ಣ ಕಥೆ ಹೇಳ್ಬೇಕು. ಮೂರು-ನಾಲ್ಕು ವರ್ಷದ ಹಿಂದೆ ಮಳೆಯಲ್ಲಿ ಸ್ಕೂಟರ್ ಜಾರಿ ಬಲಗೈ ಮಣಿಕಟ್ಟು ಮುರ್ಕೊಂಡಿದ್ದೆ. ಡಾಕ್ಟರ್ ಹೇಳಿದ್ದು ಆರು ವಾರ ರೆಸ್ಟ್. ಹನ್ನೆರಡನೇ ದಿನಕ್ಕೆ ಲ್ಯಾಪ್‌ಟಾಪ್ ತೆಗೆದು, ಬ್ಯಾಂಡೇಜ್ ಕೈಯಿಂದಲೇ ಟೈಪ್ ಮಾಡ್ತಾ ಕೂತಿದ್ದೆ. ರಿಲೀಸ್ ಇತ್ತು. ಆಫೀಸಲ್ಲಿ ಯಾರೂ ಬಾ ಅಂದಿರಲಿಲ್ಲ. ಮ್ಯಾನೇಜರ್ "ಯಾಕ್ರೀ ಬಂದ್ರಿ?" ಅಂತಲೇ ಕೇಳಿದ್ರು. ನಾನಿಲ್ಲದೆ ರಿಲೀಸ್ ನಡೆಯಲ್ಲ ಅಂದ್ಕೊಂಡಿದ್ದೆ ಅನ್ನೋದಕ್ಕಿಂತ, ನಾನಿಲ್ಲದೆಯೂ ನಡೆದುಬಿಟ್ರೆ ಅನ್ನೋ ಭಯ ಇತ್ತು. ಅಮ್ಮ ಒಂದು ಮಾತೂ ಆಡದೆ ಎದುರಿಗೆ ಕಾಫಿ ಕುಕ್ಕಿ ಹೋಗಿದ್ರು. ಆರು ವಾರದ ಮೂಳೆ ಐದು ತಿಂಗಳು ತಗೊಂಡಿತು. ಈಗಲೂ ಚಳಿಗಾಲದಲ್ಲಿ ಬೀಗ ತಿರುಗಿಸುವಾಗ ಮಣಿಕಟ್ಟು ನೆನಪು ಮಾಡ್ತದೆ.

ಹಾಗಾಗಿ ಮಾರ್ಕೆಸ್‌ನ ಆ ಶನಿವಾರವನ್ನ ಈಗ ನೋಡಿದ್ರೆ ನನಗೆ ಗುಂಡಿಗೆ ಕಾಣಲ್ಲ. ಅವನೇ ಆಮೇಲೆ ಅದು ತಪ್ಪು ಅಂತ ಒಪ್ಕೊಂಡಿದ್ದಾನೆ.

2021ರ ಏಪ್ರಿಲ್‌ನಲ್ಲಿ ಪೋರ್ಚುಗಲ್‌ನಲ್ಲಿ ವಾಪಸ್ ಬಂದ. ಏಳನೇ ಸ್ಥಾನ. ಗ್ಯಾರೇಜ್‌ಗೆ ಬಂದು ಮುಖ ಮುಚ್ಚಿಕೊಂಡು ಅತ್ತ. ಜೂನ್‌ನಲ್ಲಿ ಜರ್ಮನಿಯ ಜಾಕ್ಸೆನ್‌ರಿಂಗ್‌ನಲ್ಲಿ ಗೆದ್ದ. ಅಲ್ಲಿ ಟ್ರ್ಯಾಕ್ ಎಡಕ್ಕೆ ಸುತ್ತುತ್ತೆ, ಹದಿಮೂರರಲ್ಲಿ ಹತ್ತು ತಿರುವು ಎಡಗಡೆಗೆ, ಬಲಗೈಗೆ ಅಷ್ಟು ಭಾರ ಬೀಳಲ್ಲ. ಅದೇ ವರ್ಷ ಇನ್ನೂ ಎರಡು ಗೆಲುವು. ಅಷ್ಟರಲ್ಲಿ ಪ್ರಾಕ್ಟೀಸ್ ಮಾಡುವಾಗ ಬಿದ್ದು ತಲೆಗೆ ಪೆಟ್ಟು, ಕಣ್ಣಿಗೆ ಒಂದು ವಸ್ತು ಎರಡಾಗಿ ಕಾಣೋ ತೊಂದರೆ. 2011ರಲ್ಲೂ ಇದೇ ತೊಂದರೆಯಾಗಿ ಆಪರೇಷನ್ ಆಗಿತ್ತು. 2022ರಲ್ಲಿ ಇಂಡೋನೇಷ್ಯಾದಲ್ಲಿ ಬಿದ್ದು ಮತ್ತೆ ಅದೇ.

ಇಷ್ಟೆಲ್ಲ ಆದ್ಮೇಲೆ ಗೊತ್ತಾಗಿದ್ದೇನು ಅಂದ್ರೆ, ತೋಳಿನ ಮೂಳೆ ಕೂಡಿತ್ತು, ಆದ್ರೆ ತಿರುಚಿಕೊಂಡು ಕೂಡಿತ್ತು. ಮೂವತ್ತು ಡಿಗ್ರಿಗಿಂತ ಹೆಚ್ಚು. ಮೊಣಕೈ ಹೊರಗೆ ಚಾಚಿ ಓಡಿಸೋನಿಗೆ ಮೊಣಕೈಯೇ ಸರಿಯಾದ ಜಾಗಕ್ಕೆ ಹೋಗ್ತಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 2022ರ ಜೂನ್‌ನಲ್ಲಿ ಆ ಮೂಳೆಯನ್ನ ಮತ್ತೆ ಕತ್ತರಿಸಿ, ತಿರುಗಿಸಿ, ಕೂಡಿಸಿದ್ರು. ಅದೇ ತೋಳಿಗೆ ನಾಲ್ಕನೇ ಆಪರೇಷನ್. ಓದುವಾಗಲೇ ನನಗೆ ಮೈ ಜುಮ್ ಅನ್ನುತ್ತೆ.

ಕೈ ಸರಿಹೋಯ್ತು, ಬೈಕ್ ಹಾಳಾಗಿತ್ತು. ಇದು ನಮ್ಮ ಫೀಲ್ಡಿನವರಿಗೆ ಚೆನ್ನಾಗಿ ಗೊತ್ತಿರೋ ಸಮಸ್ಯೆ. ಒಬ್ಬನೇ ಡೆವಲಪರ್‌ಗೆ ಅರ್ಥವಾಗೋ ಕೋಡ್ ಇರುತ್ತಲ್ಲ, ಅವನು ಇರೋವರೆಗೂ ಸಿಸ್ಟಮ್ ಅದ್ಭುತ. ಹೋಂಡಾ ಬೈಕ್ ವರ್ಷದಿಂದ ವರ್ಷಕ್ಕೆ ಮಾರ್ಕೆಸ್ ಕೈಗೇ ಹೊಂದಿಕೊಂಡು ಹೋಗಿತ್ತು. 2019ರಲ್ಲಿ ಅದೇ ಬೈಕ್ ಮೇಲೆ ಅವನು ಚಾಂಪಿಯನ್, ಪಕ್ಕದ ಗ್ಯಾರೇಜಿನ ಲೊರೆಂಝೊ, ಅವನೂ ಮೂರು ಸಲದ ಮೋಟೋಜಿಪಿ ಚಾಂಪಿಯನ್, ಹತ್ತೊಂಬತ್ತನೇ ಸ್ಥಾನ. 2020ರಲ್ಲಿ ಮಾರ್ಕೆಸ್ ಇಲ್ಲದೆ ಹೋಂಡಾ ಒಂದೂ ರೇಸ್ ಗೆಲ್ಲಲಿಲ್ಲ. ಅವನು ವಾಪಸ್ ಬರೋ ಹೊತ್ತಿಗೆ ಇಟಲಿಯ ಡುಕಾಟಿ ಎಲ್ಲೋ ಮುಂದೆ ಹೋಗಿಬಿಟ್ಟಿತ್ತು. 2023ರಲ್ಲಿ ಅವನ ಮೆಚ್ಚಿನ ಜಾಕ್ಸೆನ್‌ರಿಂಗ್‌ನಲ್ಲೇ ಒಂದೇ ವೀಕೆಂಡಿನಲ್ಲಿ ಐದು ಸಲ ಬಿದ್ದು, ಭಾನುವಾರದ ರೇಸಿಗೇ ಇಳಿಯಲಿಲ್ಲ. ಎದ್ದು ನಿಂತು ಓಡಿಸೋದೇ ಅಭ್ಯಾಸವಾಗಿದ್ದವನು ಮೊದಲ ಸಲ ಬೇಡ ಅಂದ.

ನೋಯ್ಡಾದಲ್ಲಿ ನಾವು ನೋಡಿದ್ದು ಆ ಮನುಷ್ಯನನ್ನ. ಅದಾದ ಎರಡೇ ವಾರಕ್ಕೆ, ಅಕ್ಟೋಬರ್ ಮೊದಲಲ್ಲಿ, ಹೋಂಡಾ ಬಿಡ್ತಿದ್ದೀನಿ ಅಂತ ಘೋಷಿಸಿದ. ಕಾಂಟ್ರಾಕ್ಟ್ ಇನ್ನೂ ಒಂದು ವರ್ಷ ಇತ್ತು, ಇಡೀ ಮೋಟೋಜಿಪಿಯಲ್ಲೇ ದೊಡ್ಡದು ಅನ್ನೋ ಸಂಬಳ. ಹೋದದ್ದು ಗ್ರೆಸಿನಿ ಅನ್ನೋ ಸಣ್ಣ ಟೀಮಿಗೆ. ಸ್ಥಾಪಿಸಿದ ಫೌಸ್ಟೊ ಗ್ರೆಸಿನಿ 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡ ಮೇಲೆ ಹೆಂಡತಿ ನಾದಿಯಾ ನಡೆಸಿಕೊಂಡು ಬರ್ತಿರೋ ಟೀಮ್. ತಮ್ಮ ಅಲೆಕ್ಸ್ ಆಗಲೇ ಅಲ್ಲಿದ್ದ. ಕೊಡೋದು ಡುಕಾಟಿಯ ಹಿಂದಿನ ವರ್ಷದ ಬೈಕ್. ಟೀಮಿನಿಂದ ಸಂಬಳವೇ ಇಲ್ಲ ಅಂತ ಆಗ ಎಲ್ಲ ಕಡೆ ವರದಿಯಾಗಿತ್ತು.

ಈ ಸುದ್ದಿ ಬಂದ ವಾರ ನಮ್ಮ ಆಫೀಸ್ ಕ್ಯಾಂಟೀನಲ್ಲಿ ಇದೇ ಚರ್ಚೆ. "ನಾವೂ ಹೀಗೆ ಪ್ಯಾಕೇಜ್ ನೋಡದೆ ಕಲಿಯೋಕೆ ಸಿಗೋ ಕಡೆ ಹೋಗ್ಬೇಕು ಗುರೂ" ಅಂತ ಎಲ್ಲರೂ. ಲಿಂಕ್ಡ್‌ಇನ್‌ನಲ್ಲಿ ಇಂಥ ಪೋಸ್ಟ್ ಕಂಡ್ರೆ ನನಗೆ ಸ್ವಲ್ಪ ಉರಿಯುತ್ತೆ. ಅವನಿಗೆ ಮನೆ ಸಾಲದ ಕಂತು ಇರಲಿಲ್ಲ. ಹತ್ತು ವರ್ಷ ಕೋಟಿಗಟ್ಟಲೆ ದುಡಿದವನು ಒಂದು ವರ್ಷ ಸಂಬಳ ಇಲ್ಲದೆ ಓಡಿಸಬಹುದು. ಕಳೆದ ವರ್ಷ ನನಗೂ ಒಂದು ಸಣ್ಣ ಟೀಮಿನಿಂದ ಕಡಿಮೆ ಸಂಬಳದ, ಒಳ್ಳೆ ಕೆಲಸದ ಆಫರ್ ಬಂದಿತ್ತು. ಕಂತಿನ ಲೆಕ್ಕ ಹಾಕಿ ಬಿಟ್ಟೆ. ಅದರ ಬಗ್ಗೆ ನನಗೆ ನಾಚಿಕೆಯೇನಿಲ್ಲ.

ಅವನು ಪಣಕ್ಕೆ ಇಟ್ಟದ್ದು ದುಡ್ಡಲ್ಲ, ಹೆಸರು. ಹೋಂಡಾದಲ್ಲಿ ಸೋತ್ರೆ "ಬೈಕ್ ಸರಿ ಇಲ್ಲ" ಅನ್ನೋ ನೆಪ ಇತ್ತು, ಜನ ನಂಬ್ತಿದ್ರು ಕೂಡ. ಎಲ್ಲರೂ ಗೆಲ್ತಿರೋ ಬೈಕ್ ಹತ್ತಿ ಸೋತ್ರೆ? ಅದೇ ಬೈಕಿನಲ್ಲಿ ತಮ್ಮ ಮುಂದೆ ಬಂದ್ರೆ? ಆ ಪ್ರಶ್ನೆಗೆ ಉತ್ತರ ಬೇಕು ಅಂತ ತಾನೇ ಹುಡುಕಿಕೊಂಡು ಹೋದ. ನಮ್ಮಲ್ಲಿ ಎಷ್ಟು ಜನ "ಟೂಲ್ ಸರಿ ಇಲ್ಲ, ಪ್ರಾಜೆಕ್ಟ್ ಸರಿ ಇಲ್ಲ" ಅನ್ನೋ ನೆಪವನ್ನ ಇಷ್ಟಪಟ್ಟು ಇಟ್ಕೊಂಡಿರ್ತೀವಿ ಅಂತ ನನಗೆ ಗೊತ್ತು, ಯಾಕಂದ್ರೆ ನನ್ನ ಹತ್ರ ಎರಡು ಇವೆ.

ಆ ನವೆಂಬರ್‌ನಲ್ಲಿ ವೆಲೆನ್ಸಿಯಾದಲ್ಲಿ ಮೊದಲ ಸಲ ಡುಕಾಟಿ ಓಡಿಸಿ ಪಿಟ್‌ಗೆ ಬಂದು ಹೆಲ್ಮೆಟ್ ತೆಗೆದ. ಮಾತಾಡೋ ಹಾಗಿಲ್ಲ, ಡಿಸೆಂಬರ್ ಮುಗಿಯೋವರೆಗೂ ಹೋಂಡಾ ಕಾಂಟ್ರಾಕ್ಟ್. ಆದ್ರೆ ಮುಖದ ನಗು ಮುಚ್ಚೋಕೆ ಆಗಲಿಲ್ಲ, ಕ್ಯಾಮೆರಾ ಹಿಡೀತು.

2024ರ ಸೆಪ್ಟೆಂಬರ್ 1, ಅರಾಗಾನ್‌ನಲ್ಲಿ ಗೆದ್ದ. ಹಿಂದಿನ ಗೆಲುವಿನಿಂದ 1,043 ದಿನ. ಆ ವರ್ಷ ಇನ್ನೆರಡು ರೇಸ್ ಗೆದ್ದ. ಡುಕಾಟಿಯ ಹಳೇ ಮಾಡೆಲ್ ಬೈಕಿನಲ್ಲಿ ಆ ಸೀಸನ್ ಗೆದ್ದವನು ಅವನೊಬ್ಬನೇ, ಉಳಿದ ಡುಕಾಟಿ ಗೆಲುವೆಲ್ಲ ಹೊಸ ಬೈಕಿನವು. ಅಷ್ಟರಲ್ಲಾಗಲೇ ಡುಕಾಟಿ ತನ್ನ ಸ್ವಂತ ಟೀಮಿಗೆ ಕರೆದಿತ್ತು. 2025ರಲ್ಲಿ ಕೆಂಪು ಬೈಕ್. ಅರಾಗಾನ್‌ನಿಂದ ಹಂಗೇರಿವರೆಗೆ ಏಳು ವೀಕೆಂಡ್, ಶನಿವಾರದ ಸ್ಪ್ರಿಂಟೂ ಅವನದೇ, ಭಾನುವಾರದ ರೇಸೂ ಅವನದೇ. ಆ ಓಟ ನಿಲ್ಲಿಸಿದ್ದು ಯಾರು ಗೊತ್ತಾ? ಬಾರ್ಸಿಲೋನಾದಲ್ಲಿ, ತಮ್ಮ ಅಲೆಕ್ಸ್.

ಸೆಪ್ಟೆಂಬರ್ 28, ಜಪಾನಿನ ಮೊಟೆಗಿ. ಹೋಂಡಾದವರದೇ ಟ್ರ್ಯಾಕ್. ಅಲ್ಲಿ ಎರಡನೆಯವನಾಗಿ ಮುಗಿಸಿ ಟೈಟಲ್ ಗೆದ್ದ. ಮೋಟೋಜಿಪಿಯಲ್ಲಿ ಏಳನೆಯದು, ಎಲ್ಲ ಸೇರಿ ಒಂಬತ್ತನೆಯದು. ಹಿಂದಿನ ಟೈಟಲ್‌ನಿಂದ 2,184 ದಿನ. ನಾನು ಮೊಬೈಲಲ್ಲಿ ನೋಡ್ತಾ ಇದ್ದೆ. ಹಳದಿ ಟಿ-ಶರ್ಟಿನಿಂದ ಮೆಸೇಜ್ ಬಂತು, "ಸರಿ ಬಿಡು". ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಮುಂದಿನ ವಾರವೇ ಇಂಡೋನೇಷ್ಯಾದ ಮಂಡಲಿಕಾದಲ್ಲಿ ಮೊದಲ ಲ್ಯಾಪಿನಲ್ಲಿ ಹಿಂದಿನಿಂದ ಬೆಝೆಕ್ಕಿ ಬಂದು ಗುದ್ದಿದ. ಈ ಸಲ ತಪ್ಪು ಇವನದಲ್ಲ. ಮತ್ತೆ ಬಲ ಭುಜ, ಮತ್ತೆ ಆಪರೇಷನ್. ನನಗೆ ಎದೆ ಧಸಕ್ ಅಂತು. ಇನ್ನು ನಾಲ್ಕು ರೇಸ್ ಬಾಕಿ ಇತ್ತು, ಮತ್ತೆ ಯಾವ ಶನಿವಾರ ಪುಶ್-ಅಪ್ ಮಾಡಿ ತೋರಿಸ್ತಾನೋ ಅಂತ ದಿನಾ ನ್ಯೂಸ್ ತೆಗೆದು ನೋಡ್ತಿದ್ದೆ.

ಬರಲಿಲ್ಲ. ಆಸ್ಟ್ರೇಲಿಯಾಕ್ಕೆ ಬರಲಿಲ್ಲ, ಮಲೇಷ್ಯಾಕ್ಕೆ ಬರಲಿಲ್ಲ, ಪೋರ್ಚುಗಲ್, ವೆಲೆನ್ಸಿಯಾ ಯಾವುದಕ್ಕೂ ಇಲ್ಲ. ಮಲೇಷ್ಯಾದಲ್ಲಿ ಅಲೆಕ್ಸ್ ಗೆದ್ದ. ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸ್ಥಾನವೂ ಅವನದೇ ಆಯ್ತು. ಅಣ್ಣ ಕೈ ಕಟ್ಟಿಕೊಂಡು ಮನೆಯಲ್ಲಿದ್ದ.