ಜಾಕೆಟ್ಟಿನೊಳಗಿನ ಪೈಲ್ವಾನ

ಮಿತ್ರರೇ, ನಗಬೇಡಿ.

ಹೋದ ವಾರ ಬೀದರ್ ಬಸ್ ಸ್ಟ್ಯಾಂಡಿನಲ್ಲಿ ಔರಾದ್ ಬಸ್ಸಿಗೆ ಕಾಯ್ತಾ ಕೂತಿದ್ದೆವು. ಪಕ್ಕದಲ್ಲಿ ಭಾಲ್ಕಿಯ ಹುಡುಗನೊಬ್ಬ. ಸುಡುಸುಡು ಬಿಸಿಲು, ಆದರೂ ಮೈಮೇಲೆ ದಪ್ಪ ಜಾಕೆಟ್ಟು! ಅದರ ತೋಳು ಇವತ್ತೋ ನಾಳೆಯೋ ಹರಿಯುವಂತಿತ್ತು. ಯಾಕಪ್ಪಾ ಇದು ಅಂದರೆ, "ಇನ್ನಾ ಸಣ್ಣಗೇ ಅದೀನ್ರಿ ಸರ್, ಮಂದಿ ನೋಡಿ ನಗ್ತಾರ" ಅಂದ.

ಇದಕ್ಕೊಂದು ಹೆಸರೇ ಇದೆ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 108 ಬಾಡಿಬಿಲ್ಡರ್‌ಗಳನ್ನು ಮಾತಾಡಿಸಿ 1993ರಲ್ಲಿ ಬರೆದರು: ಅವರಲ್ಲಿ 9 ಜನ ಗುಡ್ಡದಂತಿದ್ದರೂ ತಾವು ನರಪೇತಲ ಅಂತಲೇ ನಂಬಿದ್ದರು. 1997ರಲ್ಲಿ ಆ ಕಾಯಿಲೆಗೆ 'ಮಸಲ್ ಡಿಸ್‌ಮಾರ್ಫಿಯಾ' ಅಂತ ನಾಮಕರಣವಾಯ್ತು. ಸೂಜಿ ಶುರುವಾಗೋದು ತೋಳಿನಲ್ಲಲ್ಲ ಸ್ವಾಮಿ, ಈ ಸಂಶಯದಲ್ಲಿ. ಅದಕ್ಕೆ ಎಷ್ಟು ಮಾಂಸ ಹಾಕಿದರೂ ಹೊಟ್ಟೆ ತುಂಬೋದಿಲ್ಲ.

ನಮ್ಮ ಕಡೆ ತಾಲೀಮಿನಲ್ಲಿ ಸಾಮು ಮಾಡಿದ ಅಜ್ಜಂದಿರನ್ನು ಕೇಳಿ. ಅಲ್ಲಿ ಕೆಂಪು ಮಣ್ಣಿತ್ತು, ಎದುರಿಗೆ ಜೋಡಿ ಇದ್ದ. ಗೆದ್ದೆಯೋ ಬಿದ್ದೆಯೋ, ಸಂಜೆಗೆ ಗೊತ್ತಾಗ್ತಿತ್ತು. ಈಗ ನಾಲ್ಕೂ ಗೋಡೆಗೆ ಕನ್ನಡಿ. ಅದರ ಪಕ್ಕ ಹೀರೋನ ಪೋಸ್ಟರು!

ಆ ಹೀರೋನ ಕಥೆಯಾದರೂ ಏನು? 2017ರ 'ಬೇವಾಚ್' ನೆನಪಿದೆಯಲ್ಲ, ನಮ್ಮ ಪ್ರಿಯಾಂಕಾ ಚೋಪ್ರಾ ವಿಲನ್ ಆಗಿದ್ದು? ಅದರ ನಾಯಕ ಜ್ಯಾಕ್ ಎಫ್ರಾನ್ 2022ರಲ್ಲಿ ಬಾಯಿಬಿಟ್ಟ. ಮೈಯ ನೀರು ಇಳಿಸೋಕೆ ಜೋರು ಔಷಧಿ ತಗೊಂಡನಂತೆ, ನಿದ್ದೆ ಹೋಯ್ತಂತೆ, ಮನಸ್ಸು ಕುಸಿಯಿತಂತೆ. ಆ ಮೈಕಟ್ಟು ನಿಜಕ್ಕೂ ಸಾಧ್ಯವಾ ಅಂತ ಅವನಿಗೇ ಅನುಮಾನ! ಅರ್ನಾಲ್ಡ್ ಕೂಡ ಸ್ಪರ್ಧೆಯ ದಿನಗಳಲ್ಲಿ ಸ್ಟೀರಾಯ್ಡ್ ತಗೊಂಡಿದ್ದನ್ನು ಎಂದೋ ಒಪ್ಪಿಕೊಂಡಿದ್ದಾನೆ.

ಹುಡುಗ ಮೆತ್ತಗೆ ಹೇಳಿದ: "ನಾ ಬಿಟ್ಟು ಎರಡು ತಿಂಗಳಾತ್ರಿ. ಯಾವುದ್ರಾಗೂ ಮನಸ್ಸಿಲ್ಲ. ಮತ್ತ ಚುಚ್ಕೋಬೇಕು ಅನಸ್ತದ."

ಇದೇ ನೋಡಿ ನಿಜವಾದ ಬೋನು. ಟೆಸ್ಟೋಸ್ಟಿರೋನ್ ಹೊರಗಿಂದ ಬಂದರೆ, ಸರಕು ಸಾಕು ಅಂತ ಮಿದುಳು ಬೀಜಗಳಿಗೆ ರಜೆ ಕೊಡುತ್ತದೆ. ಅವು ಕುಗ್ಗುತ್ತವೆ, ವೀರ್ಯಾಣು ಇಳಿಯುತ್ತವೆ. ಸೂಜಿ ನಿಂತ ಮೇಲೆ ಸ್ವಂತ ಕಾರ್ಖಾನೆ ಮತ್ತೆ ಹೊರಡೋಕೆ ತಿಂಗಳುಗಟ್ಟಲೆ ಬೇಕು. ಅಷ್ಟರೊಳಗೆ ಮೈ ಇಳಿಯುತ್ತದೆ, ಬೇಸರ ಮುತ್ತುತ್ತದೆ, ಕೆಲವರಿಗೆ ಸಾಯುವ ಯೋಚನೆಯೂ ಬರುತ್ತದೆ. ಹುಡುಗ ಅದನ್ನು ತನ್ನ ಹೇಡಿತನ ಅಂದುಕೊಂಡು ಮತ್ತೆ ಸೂಜಿಗೆ ಕೈ ಹಾಕುತ್ತಾನೆ. ಇತ್ತ ಬಿಪಿ ಏರುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಅದು ಯಾವ ಕನ್ನಡಿಯಲ್ಲೂ ಕಾಣೋದಿಲ್ಲ.

ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಹೋಗಪ್ಪಾ, ಏನು ಚುಚ್ಕೊಂಡೆ ಅಂತ ಮುಚ್ಚಿಡದೆ ಹೇಳು, ಹಾರ್ಮೋನು, ಹೃದಯ, ಮನಸ್ಸು ಮೂರನ್ನೂ ತೋರಿಸು ಅಂದೆವು. "ಬೈತಾರೇನ್ರಿ?" ಅಂದ. ಬೈದರೆ ಬೈಸಿಕೋ, ಡಾಕ್ಟರು ಪೊಲೀಸರಲ್ಲ.

ಭಾಲ್ಕಿ ಬಸ್ಸು ಬಂತು. ಹುಡುಗ ಓಡಿಹೋಗಿ ಅಂಗಡಿಯಲ್ಲಿ ನಮ್ಮದೇ ಪತ್ರಿಕೆ ಕೊಂಡ, ನಡುಪುಟ ಬಿಡಿಸಿದ. ಅಲ್ಲಿ ಅಂಗಿ ಕಳಚಿ ನಿಂತ ಹೀರೋ! ಅದನ್ನು ಅಚ್ಚು ಹಾಕಿದವರು ನಾವೇ, ಏನು ಹೇಳೋಣ? ನಾವು ತಲೆ ತಗ್ಗಿಸಿದ್ದು ಕಂಡು ಅವನೇ ಕಿಟಕಿಯಿಂದ ಕೂಗಿದ: "ಸೋಮವಾರ ದವಾಖಾನಿಗೆ ಹೋಗ್ತೀನ್ರಿ!"