ಮಹಾನಗರದ ಮೂಲ ಬಂಡವಾಳ

ಉದ್ಯಮಿಗಳು ಒಂದು ನಗರವನ್ನು ಆರಿಸಿಕೊಂಡು ಮತ್ತೊಂದನ್ನು ಕೈಬಿಡುವುದೇಕೆ ಎಂಬ ಪ್ರಶ್ನೆಯನ್ನು ವರ್ತಕರಿಗೂ ಆಡಳಿತಗಾರರಿಗೂ ಬಿಟ್ಟುಕೊಟ್ಟು ಸುಮ್ಮನಿರುವಂತಿಲ್ಲ. ಹಳ್ಳಿಯ ಶಾಲೆಯಲ್ಲಿ ಓದಿ, ಮಠದ ಪ್ರಸಾದನಿಲಯದಲ್ಲಿ ಬೆಳೆದ ವಿದ್ಯಾರ್ಥಿಯು ತನ್ನ ಜಿಲ್ಲೆಯಲ್ಲಿಯೇ ಕಾಯಕವನ್ನು ಕಂಡುಕೊಳ್ಳುವನೋ, ಇಲ್ಲವೆ ವೃದ್ಧ ತಂದೆತಾಯಿಗಳನ್ನು ಬಿಟ್ಟು ದೂರದ ಬೆಂಗಳೂರಿಗೆ ತೆರಳುವನೋ ಎಂಬುದು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಅಗ್ಗದ ಭೂಮಿ, ತೆರಿಗೆಯ ರಿಯಾಯಿತಿ, ಅನುಮತಿಗಳ ಶೀಘ್ರ ವಿಲೇವಾರಿ—ಇವೇ ಉದ್ಯಮವನ್ನು ಸೆಳೆಯುವ ಸಾಧನಗಳೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇವುಗಳ ಉಪಯುಕ್ತತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದು ರಾಜ್ಯವು ಇಂದು ಕೊಟ್ಟ ರಿಯಾಯಿತಿಯನ್ನು ನೆರೆಯ ರಾಜ್ಯವು ನಾಳೆಯೇ ಕೊಡಬಲ್ಲದು. ಅದಕ್ಕಾಗಿಯೇ ಬಂದ ಕಾರ್ಖಾನೆಯು ಅದರ ಅವಧಿ ಮುಗಿದೊಡನೆ ಬೇರೆಡೆಗೆ ದೃಷ್ಟಿ ಹರಿಸಿದರೆ ಆಶ್ಚರ್ಯವಿಲ್ಲ. ಬೇರೆಯವರು ಸುಲಭವಾಗಿ ಕಸಿದುಕೊಳ್ಳಲಾಗದ ಸಂಪತ್ತು ನುರಿತ ಜನ. ಅವರು ನೆಮ್ಮದಿಯಿಂದ ಬಾಳಲು ಬೇಕಾದ ನೀರು, ಬೆಳಕು, ದಾರಿ. ಇವನ್ನು ಕೂಡಿಸಲು ತಲೆಮಾರುಗಳೇ ಬೇಕು.

ಬೆಂಗಳೂರಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಜಮ್‌ಷೇಟ್‌ಜಿ ಟಾಟಾ ಅವರು ಕನಸು ಕಂಡ ವಿಜ್ಞಾನ ಮಂದಿರವು ಮೈಸೂರು ಸಂಸ್ಥಾನವಿತ್ತ ಭೂಮಿಯಲ್ಲಿ 1909ರಲ್ಲಿ ಸ್ಥಾಪನೆಯಾಯಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1913ರಲ್ಲಿ ಮೈಸೂರು ಬ್ಯಾಂಕೂ 1917ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಆರಂಭವಾದವು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದುದು ಹೀಗೆ ಹದಗೊಂಡ ನೆಲಕ್ಕೆ. ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಾಗ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ನೆಲೆಯೂರಿದಾಗ, ಅವುಗಳಿಗೆ ಬೇಕಾದ ಇಂಜಿನಿಯರುಗಳನ್ನು ಒದಗಿಸಬಲ್ಲ ಪರಂಪರೆ ಅದಾಗಲೇ ಸಿದ್ಧವಾಗಿತ್ತು. ಹಿಂದಿನವರು ಬಿತ್ತಿದುದನ್ನು ಮುಂದಿನವರು ಕೊಯ್ದರು.

ಆದರೆ ಕೊಯ್ಯುವುದೊಂದನ್ನೇ ಬಲ್ಲ ನಗರವು ಬಿತ್ತನೆಯ ಬೀಜವನ್ನೂ ತಿಂದು ಮುಗಿಸೀತು. ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ನೂರಾರು ಮೀಟರ್ ಮೇಲಕ್ಕೆತ್ತಿ ತಂದರೂ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳು ಟ್ಯಾಂಕರಿನ ದಾರಿ ಕಾಯಬೇಕಾಯಿತು. ಕೆರೆಗಳನ್ನು ಮುಚ್ಚಿ ನಿವೇಶನ ಮಾಡಿದುದರ ಫಲವು ಮಳೆಗಾಲದಲ್ಲಿ ನೆರೆಯಾಗಿ, ಬೇಸಿಗೆಯಲ್ಲಿ ಬರವಾಗಿ ಕಾಣಿಸಿಕೊಳ್ಳುತ್ತಿದೆ. ಕೆಲಸಗಾರನ ದಿನದ ಎರಡು ಮೂರು ಗಂಟೆಗಳನ್ನು ರಸ್ತೆಯೇ ನುಂಗುವಲ್ಲಿ ಉದ್ಯಮಕ್ಕೂ ಲಾಭವಿಲ್ಲ, ಸಂಸಾರಕ್ಕೂ ಸುಖವಿಲ್ಲ.

ಹಾಗಾದರೆ ಇತರ ನಗರಗಳ ಗತಿಯೇನು? ಹುಬ್ಬಳ್ಳಿ-ಧಾರವಾಡವನ್ನು ನೋಡಬಹುದು. ರೈಲ್ವೆ ಕಾರ್ಯಾಗಾರವೂ ಹತ್ತಿಯ ಪೇಟೆಯೂ ಹುಬ್ಬಳ್ಳಿಗೆ ಹೆಸರು ತಂದವು. 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದಲ್ಲಿ ನೆಲೆಗೊಂಡಿತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐ.ಐ.ಟಿ. ಬಂದವು. ವಿದ್ಯೆಯ ಬೀಜವಂತೂ ಇಲ್ಲಿ ಬಿದ್ದಿದೆ. ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ಮಲಪ್ರಭೆಯ ನೀರು ದಿನದ 24 ಗಂಟೆಯೂ ಹರಿಯತೊಡಗಿ, ಅಂಥದು ಸಾಧ್ಯವೆಂದು ತೋರಿಸಿತು. ಆದರೆ ಉಳಿದ ಬಡಾವಣೆಗಳ ಜನ ಅನೇಕ ವರ್ಷಗಳವರೆಗೆ ಹಲವು ದಿನಗಳಿಗೊಮ್ಮೆ ಬರುವ ನಲ್ಲಿಯನ್ನೇ ಕಾಯುತ್ತಿದ್ದರು. ಕೆಲವರಿಗೆ ದೊರೆತುದನ್ನು ಎಲ್ಲರಿಗೂ ಮುಟ್ಟಿಸುವುದೇ ಆಡಳಿತದ ನಿಜವಾದ ಪರೀಕ್ಷೆ.

ಇನ್ನೊಂದು ಬಂಡವಾಳವು ಲೆಕ್ಕದ ಪುಸ್ತಕದಲ್ಲಿ ಕಾಣದು, ಅದು ನಂಬಿಕೆ. ಕಚೇರಿಯ ಕಡತ ಕೈಬೆಚ್ಚಗೆ ಮಾಡದೆ ಮುಂದುವರಿಯಬೇಕು. ಕೊಟ್ಟ ಮಾತು ಕಾಗದದಷ್ಟೇ ಬೆಲೆಯುಳ್ಳದ್ದಾಗಬೇಕು. ಭೂಮಿ ಕಳೆದುಕೊಂಡ ರೈತನಿಗೆ ಪರಿಹಾರ ಸಕಾಲದಲ್ಲಿ ಮುಟ್ಟಬೇಕು. ಇವಿಲ್ಲದ ಊರಿನಲ್ಲಿ ಬಂಡವಾಳ ಹೂಡುವವನು ಹೆದರುತ್ತಾನೆ, ದುಡಿಯುವವನು ನಿರಾಶನಾಗುತ್ತಾನೆ. ಕಾಯಕದಲ್ಲಿ ಶುದ್ಧಿಯನ್ನೂ ಗಳಿಕೆಯಲ್ಲಿ ದಾಸೋಹವನ್ನೂ ಬೇಡಿದ ಶರಣರ ನಾಡಿಗೆ ಇದು ಹೊಸ ಪಾಠವೇನೂ ಅಲ್ಲ.

1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಅದು ಬೆಳೆದು, ಕಾಲೇಜುಗಳನ್ನೂ ಆಸ್ಪತ್ರೆಯನ್ನೂ ನಡೆಸುತ್ತ, ಆ ಭಾಗದ ನಗರಗಳ ಬಲವನ್ನು ಹೆಚ್ಚಿಸಿತು. ಅನ್ನ ಮತ್ತು ಅಕ್ಷರಗಳನ್ನು ಒಟ್ಟಿಗೆ ನೀಡಿದ ಮಠಗಳೂ ಇದೇ ಕಾರ್ಯವನ್ನು ಮಾಡಿವೆ. ಆದುದರಿಂದ ಸರಕಾರವು ಜಿಲ್ಲೆಗಳಿಗೆ ಕೈಗಾರಿಕೆಯನ್ನು ಕರೆಯುವ ಮೊದಲು ಅಲ್ಲಿಯ ತಾಂತ್ರಿಕ ಶಾಲೆಗಳಿಗೆ ಒಳ್ಳೆಯ ಉಪಾಧ್ಯಾಯರನ್ನು, ಮನೆಗಳಿಗೆ ನೀರನ್ನು, ಕಚೇರಿಗಳಿಗೆ ಶಿಸ್ತನ್ನು ಒದಗಿಸಲಿ. ಉದ್ಯಮ ತಾನಾಗಿಯೇ ಬಂದೀತು. ಒಂದು ವೇಳೆ ತಡವಾಗಿ ಬಂದರೂ, ಹೀಗೆ ಕಟ್ಟಿದ ಊರು ಅಲ್ಲಿಯ ಮಕ್ಕಳಿಗೆ ವಾಸಯೋಗ್ಯವಾಗಿಯಂತೂ ಉಳಿಯುವುದು.